ಲಿನಕ್ಸಿಗೆ ರಾಹುಕಾಲ ಕಲಿಸಿದ್ದು

ಕೊಪ್ಪ ತಾಲ್ಲೂಕಿನಲ್ಲೇ ಮೊದಲ ಬಾರಿಗೆ, ಒಂದು ಕಂಪ್ಯೂಟರಿಗೆ ರಾಹುಕಾಲ ಪಾಲಿಸುವ ಸಂಸ್ಕಾರ ಕೊಡುವುದೆಂದು ಮೊನ್ನೆ ಬುಧವಾರ ನಾನು ಸಂಕಲ್ಪ ಮಾಡಿದೆ!

ನಮ್ಮದು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಜೆರಾಕ್ಸ್ ಯಂತ್ರ ನಮ್ಮ ಮನೆ ಯಜಮಾನರು ಸಚ್ಚಿದಾನಂದರ ಸಾಮ್ರಾಜ್ಯ, ಕಂಪ್ಯೂಟರ್ ನನ್ನದು. ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದವಳೂ ನಾನೇ. ರೊಟ್ಟಿ ತಟ್ಟುತ್ತಾ ಫೋನಿನಲ್ಲಿ ಒಂದೊಂದು ಪಾಠವನ್ನು ಮೂರು ಮೂರು ಸಲ ಕೇಳಿ ಕಲಿತ ವಿದ್ಯೆ.

ಲಿನಕ್ಸಿನಲ್ಲಿ ಕ್ರಾನ್ ಎಂಬ ಏರ್ಪಾಡಿದೆ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ತಾನೇ ಮಾಡುತ್ತದೆ. ಅದರೊಳಗೆ ಯಂತ್ರದ ಯಜಮಾನಿಕೆ ನಡೆಸುವ ಕರ್ನಲ್ ಎಂಬ ಭಾಗದ ಹೊಸ ಆವೃತ್ತಿ ಬಂದಿತ್ತು. ಪಂಚಾಂಗ ನೋಡಿ ಬರೆದೆ: ಗುರುವಾರ ಎಂಟೂವರೆಗೆ ಹೊಸ ಕರ್ನಲ್ ಇಳಿಸಿಕೋ, ಒಂಬತ್ತಕ್ಕೆ ರೀಸ್ಟಾರ್ಟ್ ಆಗು. ನಾವು ಬಾಗಿಲು ತೆರೆಯುವುದು ಒಂಬತ್ತೂವರೆಗೆ; ರಾತ್ರಿ ಕಂಪ್ಯೂಟರ್ ಆರಿಸದೆ ಬಿಟ್ಟರಾಯಿತು. ರಾಹುಕಾಲ ಮಧ್ಯಾಹ್ನ ಒಂದೂವರೆಯಿಂದ ಮೂರು. ಎಂಥ ಅಚ್ಚುಕಟ್ಟು!

"ಕಂಪ್ಯೂಟರಿಗೆ ಎಂತ ರಾಹುಕಾಲ ಮಾರಾಯ್ತಿ?" ಎಂದು ಯಜಮಾನರು ನಕ್ಕರು.

"ನಿಮ್ಮ ಜೆರಾಕ್ಸಿಗೆ ದಿನಾ ಪೇಪರ್ ಸಿಕ್ಕಿಕೊಳ್ಳೋದು ಯಾಕೆ ಅಂದ್ಕೊಂಡ್ರಿ?" ಎಂದೆ.

ಗುರುವಾರ ಮಧ್ಯಾಹ್ನ ಎರಡಕ್ಕೆ ಸಿರಿಮನೆಯ ಸುಮಲತಾ ಓಡಿ ಬಂದಳು. ನರ್ಸಿಂಗ್ ಸೀಟಿಗೆ ಅರ್ಜಿ ಹಾಕಲು ಅದೇ ಕೊನೆಯ ದಿನ. ಜಾತಿ ಪ್ರಮಾಣಪತ್ರ ಆಗ ತಾನೇ ಕೈಗೆ ಸಿಕ್ಕಿತ್ತು. ಸ್ಕ್ಯಾನ್ ಮಾಡಿದೆ, ತುಂಬಿದೆ, ಉಳಿಸಿದೆ. ಎರಡೂವರೆಯ ಹೊತ್ತಿಗೆ ಸಲ್ಲಿಸುವ ಗುಂಡಿಯೊಂದೇ ಬಾಕಿ.

"ಮೂರು ಕಳೀಲಿ ಮಗಾ, ಒತ್ತುವಾ."

"ಅಕ್ಕಾ, ಮೂರಕ್ಕೆ ವೆಬ್‌ಸೈಟೇ ಮುಚ್ತದೆ!"

ಬೆರಳನ್ನು ಮೌಸಿನ ಮೇಲಿಟ್ಟು, ತಪ್ಪಾಯಿತು ತಾಯೀ ಎಂದು ಶಾರದಮ್ಮನನ್ನು ನೆನೆಯಲು ಅರ್ಧ ನಿಮಿಷ ಕಣ್ಣು ಮುಚ್ಚಿದೆ. ತೆರೆದಾಗ ಪರದೆ ಕಪ್ಪು!

ಬಿಳಿ ಅಕ್ಷರಗಳು ಸರಸರನೆ ಹತ್ತಿ ಬಂದು ನಿಂತವು. ಕೊನೆಗೆ ಎರಡೇ ಮಾತು: ಕರ್ನಲ್ ಪ್ಯಾನಿಕ್.

"ಹಂಗಂದ್ರೆ ಎಂತ?" ಯಜಮಾನರು ಇಣುಕಿದರು.

"ಕರ್ನಲ್ಲಿಗೆ ಗಾಬರಿ ಆಗಿದೆ."

"ಅದಕ್ಕೂ ಆಯ್ತಾ? ನೀನೊಬ್ಬಳು ಸಾಲ್ತಿರ್ಲಿಲ್ವಾ?"

ಸುಮಲತಾಳ ಫೋನಿನಲ್ಲಿ ಅರ್ಜಿಯ ಪುಟ ಅರ್ಧವೇ ತೆರೆಯುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಹತ್ತು ಜನರ ಸಾಲು. ಅವಳು ಅಳಲಿಲ್ಲ, ದುಪಟ್ಟಾದ ತುದಿಯನ್ನು ತಿರುಚುತ್ತಾ ಗೋಡೆ ಗಡಿಯಾರವನ್ನೇ ನೋಡುತ್ತಿದ್ದಳು. ಅತ್ತಿದ್ದರೇ ವಾಸಿಯಿತ್ತು. ಗಂಟೆ ಎರಡು ನಲವತ್ತು. ಎರಡು ಸಲ ಆರಿಸಿ ಹಾಕಿದೆ. ಎರಡು ಸಲವೂ ಅದೇ ಗಾಬರಿ!

"ಹೊಸದು ಆಗದಿದ್ರೆ ಹಳೇದು ಇಲ್ವೇನೇ ಪದ್ಮಾಕ್ಷಿ? ನೀನಂತೂ ಏನೂ ಎಸೆಯೋಳಲ್ಲ," ಎಂದರು ಯಜಮಾನರು.

ಅಯ್ಯೋ! ಲಿನಕ್ಸೂ ನನ್ನ ಹಾಗೆಯೇ. ಹಳೆಯ ಕರ್ನಲ್ಲನ್ನು ಎತ್ತಿಟ್ಟಿರುತ್ತದೆ. ಮೂರು ಸಲ ಕೇಳಿದ ಪಾಠ ಗಾಬರಿಯಲ್ಲಿ ಮರೆತೇ ಹೋಗಿತ್ತು. ಮತ್ತೆ ಆನ್ ಮಾಡಿ, ಶುರುವಿನ ಪಟ್ಟಿಯಲ್ಲಿ ಹಳೆಯದನ್ನು ಆಯ್ದುಕೊಂಡೆ. ಪುಣ್ಯಾತ್ಮ, ಗೊಣಗದೆ ಎದ್ದ! ಉಳಿಸಿಟ್ಟ ಅರ್ಜಿ ಹಾಗೇ ಇತ್ತು. ಈ ಸಲ ಕಣ್ಣು ಮುಚ್ಚಲಿಲ್ಲ. ನಟ್ಟ ನಡು ರಾಹುಕಾಲವೋ, ತುದಿಯೋ, ಒತ್ತಿಯೇ ಬಿಟ್ಟೆ.

"ಅರ್ಜಿ ಸ್ವೀಕೃತವಾಗಿದೆ."

ಸುಮಲತಾ ಕುರ್ಚಿಯ ಮೇಲೆ ಕುಸಿದು ಕೂತಳು. ಒಂದು ಲೋಟ ನೀರು ಕುಡಿದಳು. ಆಮೇಲೆ ಪರದೆಯ ಮೂಲೆ ನೋಡಿ ಹುಬ್ಬು ಗಂಟಿಕ್ಕಿದಳು.

"ಅಕ್ಕಾ, ಗೋಡೇಲಿ ಎರಡು ಐವತ್ನಾಲ್ಕು. ಇದ್ರಲ್ಲಿ ಒಂಬತ್ತು ಇಪ್ಪತ್ನಾಲ್ಕು ಅಂತ ಉಂಟಲ್ಲ?"

ನೋಡಿದೆ. ಹೌದು! ಲಿನಕ್ಸ್ ಹಾಕುವಾಗ ಊರು ಯಾವುದೆಂದು ಅದು ಕೇಳಿತ್ತು. ಅವಸರದಲ್ಲಿ ಮುಂದೆ ಒತ್ತಿದ್ದೆ. ಅಂದಿನಿಂದ ಅದು ನಮಗಿಂತ ಐದೂವರೆ ಗಂಟೆ ಹಿಂದಿರುವ ಲೋಕದ ಹೊತ್ತಿನಲ್ಲಿ ಬದುಕುತ್ತಿತ್ತು. ನಾನು ಬರೆದ ಶುಭದ ಒಂಬತ್ತು ಗಂಟೆ ಎಂದರೆ ಕೊಪ್ಪದಲ್ಲಿ ಮಧ್ಯಾಹ್ನ ಎರಡೂವರೆ! ನಾನೇ ಕೈಯಾರೆ ರಾಹುಕಾಲದೊಳಗೆ ಮುಹೂರ್ತ ಇಟ್ಟಿದ್ದೆ!

"ಒಂದೇ ಸಾಲಿನ ಕೆಲಸ, ಸರಿ ಮಾಡ್ತೇನೆ," ಎಂದು ಕೀಬೋರ್ಡಿನ ಮೇಲೆ ಕೈಯಿಟ್ಟವಳು ಹಿಂದಕ್ಕೆ ಎಳೆದುಕೊಂಡೆ. "ಬೇಡ. ಇನ್ನು ಆರು ನಿಮಿಷ. ಮೂರು ಗಂಟೆ ಕಳೀಲಿ."

ಯಜಮಾನರು ಪೇಪರ್ ಜೋಡಿಸುತ್ತಲೇ ಕೇಳಿದರು:

"ಯಾರ ಮೂರು ಗಂಟೆ? ನಿಂದಾ, ಅದರದ್ದಾ?"