ಅಕ್ಕ ಮುಖ ತಿರುಗಿಸಿದಳು

ಹಂದಿ ಸಂಶೋಧನಾ ಕೇಂದ್ರದ ಕಿರಿಯ ವಿಜ್ಞಾನಿ ಕುರ್ಚಿಯಲ್ಲಿ ಕೂತದ್ದೇ ತಡ, ಪ್ಯಾಂಟಿನ ಹಿಂದಿನ ಜೇಬಿನಲ್ಲಿ 'ಪಟ್' ಎಂದಿತು. ಮುಚ್ಚಳ ಹಾರಿದ್ದು ಗಂಡು ಹಂದಿಯ ವಾಸನೆ ತುಂಬಿದ್ದ ಬಾಟಲಿಯದು. ಬೆದೆಗೆ ಬಂದ ಹೆಣ್ಣು ಹಂದಿಯ ಮೂಗಿಗೆ ಅದರ ಒಂದು ಹನಿ ಸೋಕಿದರೆ ಸಾಕು, ಕಿವಿ ನೆಟ್ಟಗೆ ಮಾಡಿ ಕಂಬದ ಹಾಗೆ ನಿಲ್ಲುತ್ತದೆ. ಗಬ್ಬವಾದದ್ದು ಕ್ಯಾರೇ ಎನ್ನುವುದಿಲ್ಲ. ಈಗ ಇಡೀ ಬಾಟಲಿಯೇ ಅವನ ಮೈಗಿಳಿದಿತ್ತು. ನಲ್ಲಿಯ ಕೆಳಗೆ ಉಜ್ಜಿದಷ್ಟೂ ವಾಸನೆ ಹರಡಿತು.

ಅಕ್ಕನ ಗಬ್ಬದ ಪರೀಕ್ಷೆಯ ದಿನವೇ ಹೀಗಾಗಬೇಕೇ! ಅಕ್ಕ ಎಂದರೆ ಕೊನೆಯ ಗೂಡಿನ ದಪ್ಪ ಹಂದಿ. ಎಲ್ಲರ ಮೇಲೂ ಜೋರು ಮಾಡುವುದರಿಂದ ಆ ಹೆಸರು. ಎರಡು ಸಲ ಅವಳಿಗೆ ಗಬ್ಬ ನಿಂತಿರಲಿಲ್ಲ. ಈ ಸಲವೂ ನಿಲ್ಲದಿದ್ದರೆ ಸಂಜೆಗೆ ಕಟುಕನ ಗಾಡಿ ಬರುವುದಿತ್ತು.

"ಗಬ್ಬ ನಿಲ್ಲೋದು ಸುಲಭ ಅಲ್ಲಣ್ಣ," ಎಂದು ಅವನು ಮೇವು ಹಾಕುವವನ ಹತ್ತಿರ ಗೋಳು ತೋಡಿಕೊಂಡ. "ಕೈಕಾಲೂ ಮೂಡದ ಮರಿಗಳು ಒಳಗಿಂದ 'ಅಮ್ಮಾ, ನಾವು ಬಂದಿದೀವಿ' ಅಂತ ಸಂಕೇತ ಕಳಿಸ್ಬೇಕು. ಇಲ್ದಿದ್ರೆ ತಾಯಿ ಮೈಯ ಕಾವಲು ಕಣಗಳು, ಯಾರೋ ಹೊರಗಿನೋರು ಅಂತ ತಿರುಗಿಬೀಳ್ತವೆ. ಸಂಕೇತ ಮುಟ್ಟಿದ್ರೆ ಅವೇ ಜಾಗ ಮಾಡಿಕೊಟ್ಟು ಸಾಕ್ತವೆ. ಅದೂ ಒಂದೆರಡು ಮರಿ ಕೂಗಿದ್ರೆ ಸಾಲಲ್ಲ, ನಾಲ್ಕಾರು ಸೇರಿ ಕೂಗ್ಬೇಕು."

"ನಮ್ಮನೇಲೂ ಹಂಗೇ ಸಾರ್. ಒಬ್ಬ ಕೂಗಿದ್ರೆ ಊಟ ಬರಲ್ಲ."

ಅಷ್ಟರಲ್ಲಿ ಮೇಲಧಿಕಾರಿ ಮೇಡಂ ಮೂಗು ಮುಚ್ಚಿಕೊಂಡು ಬಂದರು. "ಗಂಡು ಹಂದಿ ಕಾಲು ಉಳುಕಿಸ್ಕೊಂಡು ಮಲಗಿದೆ. ಸ್ಕ್ಯಾನ್ ಯಂತ್ರ ರಿಪೇರಿಯಿಂದ ಬರೋದು ಮುಂದಿನ ವಾರ. ಇದ್ದ ಒಂದು ಬಾಟಲಿನೂ ನೀವು ಸುರ್ಕೊಂಡ್ರಿ! ಪರೀಕ್ಷೆ ಯಾರು ಮಾಡ್ತಾರೆ?"

"ಬಾಟಲಿ ಯಾಕೆ ಮೇಡಂ? ಸಾರೇ ಇದಾರಲ್ಲ!" ಎಂದ ಮೇವಿನವ.

ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ವಿಜ್ಞಾನಿಯನ್ನು ಗೂಡುಗಳ ಮುಂದೆ ಮೆರವಣಿಗೆ ಮಾಡಿಸಿದರು. ಮೊದಲನೆಯದು ಕಂಬವಾಯಿತು. ಎರಡನೆಯದು ಅವನ ಭುಜದ ಮೇಲೆ ಮೂತಿಯಿಟ್ಟು ನಿಟ್ಟುಸಿರು ಬಿಟ್ಟಿತು. ಮೂರನೆಯದು ಬಾಗಿಲು ಮುರಿದುಕೊಂಡು ಬಂದು ಅವನನ್ನು ಕಚೇರಿಯವರೆಗೂ ಅಟ್ಟಿತು. ಗುಮಾಸ್ತ ಮೇಜು ಹತ್ತಿ, "ಇವರನ್ನ ಹೊರಗೆ ಕಳಿಸ್ರೀ, ಹಂದಿ ಬೇಕಾದ್ರೆ ಇರ್ಲಿ!" ಎಂದು ಕಿರುಚಿದ.

ಕೊನೆಗೆ ಅಕ್ಕನ ಗೂಡು. ದಿನವೂ ಅವನನ್ನು ಕಂಡರೆ ಓಡಿ ಬರುವವಳು ಅವಳು. ಇವತ್ತು ಮಾತ್ರ ಬರಬೇಡ ತಾಯಿ ಎಂದು ಅವನು ಜೀವ ಬಿಗಿಹಿಡಿದು ನಿಂತ. ಅಕ್ಕ ಎದ್ದು ಬಂದಳು, ಮೂತಿ ಚಾಚಿದಳು, ಆಮೇಲೆ ಮುಖ ತಿರುಗಿಸಿ ತೊಟ್ಟಿಯ ಕಡೆ ನಡೆದಳು.

"ಗಬ್ಬ ನಿಂತಿದೆ!" ಎಂದು ಅವನು ಕುಣಿದಾಡಿದ. ಮೇಡಂ ನಕ್ಕು ಕಟುಕನಿಗೆ ಫೋನು ಮಾಡಿ ಗಾಡಿ ಬೇಡವೆಂದರು. ವಿಜ್ಞಾನಿಯ ಕಣ್ಣು ತುಂಬಿ ಬಂತು. ಸಾಬೂನು, ಟವೆಲು ಹಿಡಿದು ಬಚ್ಚಲಿಗೆ ಹೊರಟ.

"ಆಕ್ಷೀ!"

ಸೀನಿದ್ದು ಅಕ್ಕ. ಮತ್ತೆ ಸೀನಿದಳು. ಮೂಗಿನಿಂದ ಸಿಂಬಳ ಇಳಿಯುತ್ತಿತ್ತು.

"ನೆಗಡಿ!" ಎಂದು ಮೇಡಂ ಹಣೆ ಚಚ್ಚಿಕೊಂಡರು. "ಮೂಗೇ ಕಟ್ಟಿದೆ, ಇನ್ನು ವಾಸನೆ ಎಲ್ಲಿಂದ ಗೊತ್ತಾಗ್ಬೇಕು? ಈ ಪರೀಕ್ಷೆ ಲೆಕ್ಕಕ್ಕಿಲ್ಲ. ನೆಗಡಿ ಬಿಟ್ಟ ಮೇಲೆ ಇನ್ನೊಂದು ಸಲ ಮಾಡೋಣ. ಅಲ್ಲೀವರ್ಗೂ ನೀವು ಸ್ನಾನ ಮಾಡೋ ಹಾಗಿಲ್ಲ. ಸಾಬೂನು ಕೊಡಿ ಇಲ್ಲಿ!"

ಅವನು ಸಾಬೂನು ಒಪ್ಪಿಸಿದ. ಒಂದು ವಾರ ಮನೆಗೆ ಬರುವುದಿಲ್ಲವೆಂದು ಹೆಂಡತಿಗೆ ಫೋನಿನಲ್ಲಿ ಹೇಳಿ, ಅಕ್ಕನ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ನೆಗಡಿ ಇರುವಷ್ಟು ದಿನ ಅವಳನ್ನು ಯಾವ ಗಾಡಿಗೂ ಹತ್ತಿಸುವಂತಿಲ್ಲ. ಅಷ್ಟರಲ್ಲಿ ಯಂತ್ರವೂ ಬಂದೀತು. ತನ್ನ ವಾಸನೆಗೆ ತಾನೇ ಮುಖ ಸಿಂಡರಿಸುತ್ತ ಅವನು ಅವಳ ಕಿವಿಯ ಹಿಂದೆ ಕೆರೆದ.

"ಅವಸರ ಇಲ್ಲ ಅಕ್ಕ, ನಿಧಾನಕ್ಕೆ ವಾಸಿಮಾಡ್ಕೋ," ಎಂದ. ಆಮೇಲೆ ಅವಳ ಹೊಟ್ಟೆಯ ಕಡೆ ಬಗ್ಗಿ, "ನೀವು ಮಾತ್ರ ಜೋರಾಗಿ ಕೂಗ್ರಪ್ಪಾ," ಎಂದ.