ಮಷಿನ್ನುಗಳ ಮನಿ ಬದಲಿಸಿದ ಮೇಡಮ್ಮಾರು

ನಮ್ಮ ಹುಬ್ಬಳ್ಳಿಯ ದವಾಖಾನೆಯ ಕಂಪ್ಯೂಟರ್ ಕೋಣೆಗೆ ರೋಗಿಗಳು ಬರುವುದಿಲ್ಲ. ಆದರೆ ನಗೆ ಮಾತ್ರ ಕರೆಯದಿದ್ದರೂ ಆಗಾಗ ಬಾಗಿಲು ನೂಕಿಕೊಂಡು ಬರುತ್ತದೆ.

ಅಲ್ಲಿ ನಾನು ಕೈಕೆಳಗಿನವನು. ಮೇಲಿನವರು ಮೇಡಮ್ಮಾರು, ಧಾರವಾಡದ ಸಪ್ತಾಪುರದಿಂದ ದಿನಾ ಬಂದು ಹೋಗುವವರು. ನಮ್ಮಲ್ಲಿ ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯಲ್ಲಿ ಹತ್ತಾರು ಕಂಪ್ಯೂಟರುಗಳಿವೆ, ಚಾಳದಲ್ಲಿ ಬಾಡಿಗೆ ಖೋಲಿ ಇದ್ದ ಹಾಗೆ. ಇವಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ. ಅವುಗಳ ಸಾಮಾನೆಲ್ಲ, ಅಂದರೆ ರೋಗಿಗಳ ಹೆಸರು, ರಕ್ತದ ವರದಿ, ಎಕ್ಸ್‌ರೇ ಚಿತ್ರ, ಒಂದು ಹಳೆಯ ಸ್ಟೋರೇಜ್ ಪೆಟ್ಟಿಗೆಯಲ್ಲಿತ್ತು. ಆ ಪೆಟ್ಟಿಗೆಯ ಡಿಸ್ಕುಗಳು ಒಂದೊಂದಾಗಿ ಕೈ ಕೊಡತೊಡಗಿದವು. ಎಲ್ಲವನ್ನೂ ಹೊಸ ಪೆಟ್ಟಿಗೆಗೆ ಸಾಗಿಸಬೇಕು, ಆದರೆ ಒಂದು ಮಷಿನ್ನೂ ನಿಲ್ಲಬಾರದು. ದವಾಖಾನೆಗೆ ರಜೆ ಎಲ್ಲಿದೆ? ಮೇಡಮ್ಮಾರು ಕೂತು ಅದಕ್ಕೊಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ತಾನೇ ಓದಿ ಮಾಡುವ ಆಜ್ಞೆಗಳ ಪಟ್ಟಿ, ಬರೆದರು. ಮಂದಿಯ ಸಾಮಾನು ಮುಟ್ಟುವ ಮೊದಲು ತಮ್ಮ ಸ್ವಂತ ಮಷಿನ್ನನ್ನೇ ಸಾಗಿಸಿ ನೋಡಿದರು. ಅವತ್ತೇ ನಾನು ಮನಸ್ಸಿನಲ್ಲಿ ಕೈ ಮುಗಿದೆ.

ಸಪ್ತಾಪುರದ ನಾಟಕ

ಮಗಳು ಸ್ಕ್ರಿಪ್ಟ್ ಬರೆಯುತ್ತಾಳೆಂದು ಅವರ ತಾಯಿ ಓಣಿಯಲ್ಲೆಲ್ಲ ಹೇಳಿದ್ದರು. ಪಕ್ಕದ ಮನೆಯ ನಿವೃತ್ತ ಪ್ರೊಫೆಸರರಿಗೆ ನಾಟಕದ ಹುಚ್ಚು. ಒಂದು ಭಾನುವಾರ ಬಂದು ಕೂತೇಬಿಟ್ಟರಂತೆ.

"ಪಾತ್ರ ಎಷ್ಟು ಅವವಾ?"

"ಭಾಳ ಅವರಿ ಕಾಕಾ. ಎಲ್ಲಾ ಮಷಿನ್."

"ಮಷಿನ್! ಛಲೋ. ಮತ್ತ ಕಥಿ?"

"ಎಲ್ಲಾರೂ ಹಳೇ ಮನಿ ಬಿಟ್ಟು ಹೊಸಾ ಮನಿಗೆ ಹೋಗತಾರ್ರಿ. ಆದ್ರ ಹೋದದ್ದು ಅವರಿಗೇ ಗೊತ್ತಾಗೂದಿಲ್ಲ."

ಪ್ರೊಫೆಸರು ಕನ್ನಡಕ ತೆಗೆದರು. "ನೋಡಾಕ ಬಂದವರಿಗೆ?"

"ಅವರಿಗಂತೂ ಗೊತ್ತಾಗಲೇಬಾರದ್ರಿ. ಗೊತ್ತಾದ್ರ ನನ್ನ ಕೆಲಸ ಕೆಟ್ಟಂಗ."

ಪ್ರೊಫೆಸರು ನಿಟ್ಟುಸಿರು ಬಿಟ್ಟು ಎದ್ದರು: "ಭಾಳ ಆಳ ಅದವಾ. ನಮ್ಮ ಮಂದಿಗೆ ತಿಳಿಯೂದಿಲ್ಲ, ಆದ್ರ ಧಾರವಾಡದಾಗ ನಡೀತದ!"

ಏನು ಬಿತ್ತು?

ಮೊದಲು ಸಾಗಿಸಬೇಕಾದದ್ದು ಹೆಸರು ನೋಂದಣಿಯ ಮಷಿನ್. ಮೇಡಮ್ಮಾರು ಹಿಂದಿನ ದಿನವೇ ಹೇಳಿ ಕಳಿಸಿದ್ದರು: "ನಾಳೆ ಸರ್ವರ್ ಕೆಲಸ ಐತಿ. ಏನೂ ನಿಲ್ಲೂದಿಲ್ಲ. ನಿಮ್ಮ ಕೆಲಸ ನೀವು ಮಾಡ್ರಿ."

ಕೌಂಟರಿನವರು ಇಷ್ಟು ವರ್ಷದ ಅನುಭವದಲ್ಲಿ 'ಸರ್ವರ್ ಕೆಲಸ' ಎಂಬಷ್ಟನ್ನೇ ಕಿವಿಗೆ ಹಾಕಿಕೊಂಡರು. ಬೆಳಿಗ್ಗೆ ನಾವು ಹೋಗಿ ನೋಡಿದರೆ ರೋಗಿಗಳ ಪಾಳಿ ಗೇಟಿನ ಆಚೆ ರಸ್ತೆಯವರೆಗೂ ಬೆಳೆದಿದೆ. ಒಳಗೆ ಎಲ್ಲರೂ ತಲೆ ಬಗ್ಗಿಸಿ ಕೈಯಿಂದ ಚೀಟಿ ಬರೆಯುತ್ತಿದ್ದಾರೆ. ಎದುರಿಗೆ ಕಂಪ್ಯೂಟರುಗಳು ಬೆಳಗುತ್ತ ಕೂತಿವೆ.

"ಯಾಕ್ರಿ, ಕಂಪ್ಯೂಟರ್ ನಡದಾವಲ್ಲ?" ಎಂದರು ಮೇಡಮ್ಮಾರು.

"ನಡದಾವ್ರಿ," ಎಂದರು ಕೌಂಟರಿನ ಹಿರಿಯಕ್ಕ. "ಯಾವಾಗ ಬೀಳತಾವೋ ಅಂತ ಕಾಯಾಕತ್ತೇವಿ."

"ನಿಮ್ಮ ಮಷಿನ್ ಆಗಲೇ ಸಾಗಿಸಿ ಮುಗೀತ್ರಿ ಅಕ್ಕಾರ."

ಅಕ್ಕ ಪೆನ್ನು ಕೆಳಗಿಟ್ಟು ಬೆರಳು ಜಾಡಿಸಿಕೊಂಡರು. "ಅಯ್ಯ, ಮದಲ ಹೇಳಬಾರದೇನ್ರಿ? ಕಂಪ್ಯೂಟರ್ ಬೀಳಲಿಲ್ಲ, ನಮ್ಮ ಕೈ ಬಿದ್ದು ಹೋದವು!"

ದಪ್ಪ, ತೆಳ್ಳಗ

ಹಳೆಯ ಪದ್ಧತಿಯಲ್ಲಿ ಒಂದು ಮಷಿನ್ನಿನ ಡಿಸ್ಕಿಗೆ ಇಷ್ಟು ಜಾಗ ಎಂದು ಮೊದಲೇ ಹಿಡಿದಿಟ್ಟುಬಿಡುತ್ತಿದ್ದರು, ತುಂಬಲಿ ಬಿಡಲಿ. ಅದು ದಪ್ಪ ಡಿಸ್ಕು. ತುಂಬಿದಷ್ಟಕ್ಕೇ ಜಾಗ ತಿನ್ನುವುದು ತೆಳು ಡಿಸ್ಕು. ಸಾಗಿಸುವಾಗಲೇ ದಪ್ಪದ್ದನ್ನು ತೆಳ್ಳಗೆ ಮಾಡುವ ಜಾಣತನವೂ ಮೇಡಮ್ಮಾರ ಸ್ಕ್ರಿಪ್ಟಿನಲ್ಲಿತ್ತು.

ಮಷಿನ್ನುಗಳಿಗೆ ನಾವು ವಿಭಾಗದ ಹೆಸರನ್ನೇ ಇಟ್ಟಿದ್ದೆವು. ಮೆಟ್ಟಿಲಿಳಿಯುತ್ತ ಮೇಡಮ್ಮಾರು ನನಗೆ ಹೇಳುತ್ತಿದ್ದರು: "ಅಕೌಂಟ್ಸ್ ಭಾಳ ದಪ್ಪ ಆಗೇತಿ. ಒಳಗ ನೋಡಿದ್ರ ಏನೂ ಇಲ್ಲ, ಸುಮ್ಮ ಜಾಗಾ ಹಿಡಕೊಂಡು ಕುಂತೈತಿ. ಇವತ್ತ ತೆಳ್ಳಗ ಮಾಡಿಬಿಡೂಣು."

ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಅಕೌಂಟ್ಸ್ ವಿಭಾಗದ ಮುಖ್ಯಸ್ಥರು, ಮೆಟ್ಟಿಲಿನ ಅಗಲಕ್ಕೂ ಅವರೇ. ಮೇಡಮ್ಮಾರ ಮುಖ ಕೆಂಪಾಯಿತು.

ಮುಖ್ಯಸ್ಥರು ಮಾತ್ರ ಶಾಂತವಾಗಿ ಹೇಳಿದರು: "ನಮ್ಮ ಮನ್ಯಾಗೂ ಹಿಂಗ ಅಂತಾರ್ರಿ ಮೇಡಮ್ಮಾರ. ಆದ್ರ ಇವತ್ತ ಅಂದ್ರ ಇವತ್ತ ಆಗೂದಿಲ್ರಿ, ಮಧ್ಯಾಹ್ನ ಒಂದು ಮದವಿ ಊಟ ಐತಿ."

ಒಲ್ಲೆ ಅಂದ್ರ ಒಲ್ಲೆ

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ದೊಡ್ಡದು, ಎಕ್ಸ್‌ರೇ ಚಿತ್ರಗಳ ಮಷಿನ್. ಹೊಸ ಪೆಟ್ಟಿಗೆ ಮಾರಿದ ಕಂಪನಿಯ ಪರಿಣತರೊಬ್ಬರು ಬೆಂಗಳೂರಿನಿಂದಲೇ ನಮ್ಮ ಪರದೆ ನೋಡುತ್ತ ಫೋನಿನಲ್ಲಿದ್ದರು.

ಮೇಡಮ್ಮಾರ ಸ್ಕ್ರಿಪ್ಟಿಗೊಂದು ಗುಣವಿತ್ತು. ಯಾವಾಗ ಏನು ಹೇಳಬೇಕೆಂದು ಅವರು ಮೊದಲೇ ಬರೆದಿಟ್ಟಂತೆ ಅದು ಪರದೆಯ ಮೇಲೆ ಧಾರವಾಡದ ಕನ್ನಡದಲ್ಲಿ ಮಾತಾಡುತ್ತಿತ್ತು. 'ಹೊಂಟೆನ್ರಿ' ಎಂದು ಬರೆದು ಹೊರಟದ್ದು ಅರ್ಧ ದಾರಿಯಲ್ಲಿ ನಿಂತಿತು: 'ಯಾಕೋ ಆ ಕಡೆ ಸರಿ ಕಾಣವಲ್ದರಿ. ಹಳೇದನ್ನ ನಾ ಮುಟ್ಟಿಲ್ಲ, ಕಾಳಜಿ ಬ್ಯಾಡ್ರಿ.'

"ಏನೂ ಆಗಲ್ಲ, ಒತ್ತಾಯ ಮಾಡಿ ಮುಂದೆ ತಳ್ಳಿ," ಎಂದು ಪರಿಣತರು ತಾವೇ ಅಲ್ಲಿಂದ ಆಜ್ಞೆ ಟೈಪ್ ಮಾಡಿದರು.

'ಒಲ್ಲೆನ್ರಿ,' ಎಂದಿತು ಸ್ಕ್ರಿಪ್ಟು.

ಮತ್ತೊಮ್ಮೆ ಟೈಪ್ ಮಾಡಿದರು.

'ಒಮ್ಮೆ ಒಲ್ಲೆ ಅಂದ್ರ ಒಲ್ಲೆನ್ರಿ. ಮದಲ ಕೇಬಲ್ ನೋಡ್ರಿ.'

ಪರಿಣತರಿಗೆ ಸಿಟ್ಟು ಬಂತು. "ಯಾರ್ರೀ ಅದು ಅಲ್ಲಿ ಕೂತು ಅಡ್ಡ ಉತ್ತರ ಕೊಡ್ತಿರೋರು? ಫೋನ್ ಕೊಡಿ ಅವರಿಗೆ!"

ಅಷ್ಟರಲ್ಲಿ ಮೇಡಮ್ಮಾರು ಹೊಸ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದರು. ಒಂದು ಕೇಬಲ್ ಸಡಿಲವಾಗಿತ್ತು. ಒತ್ತಾಯದಿಂದ ತಳ್ಳಿದ್ದರೆ ಎಷ್ಟೋ ಜನರ ಎಲುಬಿನ ಚಿತ್ರಗಳು ಹಾಳಾಗುತ್ತಿದ್ದವು. ಕೇಬಲ್ ಒತ್ತಿ ಕೂರಿಸಿದ್ದೇ ತಡ, ಪರದೆಯ ಮೇಲೆ ಬಂತು: 'ಈಗ ಛಲೋ ಆತ್ರಿ. ಹೊಂಟೆ.'

ಫೋನಿನ ಆಚೆಯಿಂದ ಮೆತ್ತಗೆ ಕೇಳಿಸಿತು: "ಮೇಡಂ, ಅವರಿಗೆ ನನ್ನ ನಮಸ್ಕಾರ ತಿಳಿಸಿಬಿಡಿ."

ಗಾಲಿ ತಿರಗಲಿಲ್ಲ

ಹೊಸ ಪೆಟ್ಟಿಗೆ ಬಂದ ಮೇಲೆ ಎಕ್ಸ್‌ರೇ ಚಿತ್ರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯತೊಡಗಿದವು. ದವಾಖಾನೆಗೆಲ್ಲ ಖುಷಿ. ಅಮ್ಮಿನಬಾವಿಯ ಒಬ್ಬ ಯಜಮಾನರಿಗೆ ಮಾತ್ರ ಅಲ್ಲ. ಹೊಲದ ಬದುವಿನಲ್ಲಿ ಜಾರಿ ಬಿದ್ದು ಮೊಳಕಾಲು ತೋರಿಸಲು ಬಂದಿದ್ದರು. ಎಲುಬಿನ ಡಾಕ್ಟರು ಚಿತ್ರ ತೆರೆದು, "ಏನೂ ಮುರದಿಲ್ರಿ, ಮನಿಗೆ ಹೋಗ್ರಿ," ಎಂದರೆ ಯಜಮಾನರು ಏಳಲೊಲ್ಲರು. ಡಾಕ್ಟರು ಸೋತು ಮೇಡಮ್ಮಾರನ್ನು ಕರೆಸಿದರು. ನಾನೂ ಹಿಂದೆ ಹೋದೆ.

"ಏನಾತ್ರಿ ಯಜಮಾನ್ರ?"

"ನೋಡ ಯವ್ವಾ, ಹೋದ ಸಲ ಕೈ ತೋರಸಾಕ ಬಂದಾಗ ಈ ಪರದೆ ಮ್ಯಾಲ ಒಂದು ಗಾಲಿ ತಿರಗತಿತ್ತು. ಮಷಿನ್ ಕುಂತು ವಿಚಾರ ಮಾಡತಿತ್ತು. ಆಮ್ಯಾಲೆ ಹಗೂರಕ ಎಲುಬು ತೋರಸತಿತ್ತು. ಇವತ್ತ ಗಾಲಿನೂ ಇಲ್ಲ, ವಿಚಾರಾನೂ ಇಲ್ಲ. ಟಕ್ ಅಂತ ಬಂತು, ಏನೂ ಆಗಿಲ್ಲ ಅಂದ್ರು. ಹೆಂಗ ನಂಬ್ಲಿ?"

"ಅದು ಹಳೇ ಪೆಟ್ಟಿಗಿ, ನಿಧಾನ ಇತ್ರಿ. ಇದು ಜೋರು ಐತಿ."

"ಜೋರು ಇದ್ದವರ ಕಡೆ ವಿಚಾರ ಕಡಿಮಿ ಯವ್ವಾ."

ಮೇಡಮ್ಮಾರು ನಗು ತಡೆದುಕೊಂಡರು. "ಯಜಮಾನ್ರ, ವಿಚಾರ ಮಾಡೋದು ಮಷಿನ್ ಅಲ್ರಿ. ಚಿತ್ರ ನೋಡಿ ವಿಚಾರ ಮಾಡಾವ್ರು ಡಾಕ್ಟ್ರು."

ಯಜಮಾನರು ಡಾಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಂಗಾದ್ರ ಅವರನ್ನರ ಒಂದ್ಸಲ ತಿರಗಸ್ರಿ!"

ಡಾಕ್ಟರು ದೊಡ್ಡ ಮನುಷ್ಯರು. ಎರಡೂ ಕಾಲು ಮೇಲೆತ್ತಿ ತಮ್ಮ ಗಾಲಿ ಕುರ್ಚಿಯಲ್ಲಿ ಗರಗರನೆ ಒಂದು ಸುತ್ತು ಪೂರ್ತಿ ತಿರುಗಿದರು. ನಿಂತು, ಚಿತ್ರ ನೋಡಿ, ಗಂಭೀರವಾಗಿ ಹೇಳಿದರು: "ಏನೂ ಮುರದಿಲ್ರಿ."

"ಹಾಂ, ಈಗ ಖಾತ್ರಿ ಆತು," ಎಂದು ಯಜಮಾನರು ಎದ್ದು ನೆಟ್ಟಗೆ ನಡೆದು ಹೋದರು.