ತ್ಯಾಗರಾಜನ ಆತ್ಮಕ್ಕೆ ಶಾಂತಿ

ತೊಂಬತ್ತಾರರ ನವೆಂಬರ್ ಒಂದರ ಬೆಳಿಗ್ಗೆ ಪಕ್ಕದ ಮನೆಯ ಮಿಸೆಸ್ ಕೀಗನ್ ಫೋನ್ ಮಾಡಿ, "ರಾಜ್, ಸಂಜೆ ನಮ್ಮ ಚರ್ಚಿನಲ್ಲಿ ಆಲ್ ಹ್ಯಾಲೋಸ್ ಹಬ್ಬ. ಇಬ್ಬರೂ ವೇಷ ಹಾಕಿಕೊಂಡು ಬನ್ನಿ," ಎಂದರು. ತ್ಯಾಗರಾಜ ಇಲ್ಲವೆನ್ನುವ ಹಾಗಿರಲಿಲ್ಲ. ಜನವರಿಯ ಹಿಮಕ್ಕೆ ಅವರಿದ್ದ ಹರ್ನ್‌ಡನ್ ಊರೇ ಹೂತುಹೋಗಿ ಕರೆಂಟು ಕೈಕೊಟ್ಟಾಗ, ಅವನನ್ನೂ ಹೆಂಡತಿ ವೇದಾಳನ್ನೂ ಮೂರು ದಿನ ಮನೆಯಲ್ಲಿಟ್ಟುಕೊಂಡು ಸಾಕಿದ್ದು ಆಕೆಯೇ.

ಆಫೀಸಿನಲ್ಲಿ ಗುರುದತ್ತನನ್ನು ವಿಚಾರಿಸಿದ. ಅವನು ಅಮೆರಿಕಕ್ಕೆ ತನಗಿಂತ ಎರಡು ವರ್ಷ ಮೊದಲು ಬಂದವನು. ಗೊತ್ತಿಲ್ಲದ ವಿಷಯವೇ ಇರಲಿಲ್ಲ.

"ಹ್ಯಾಲೋವೀನೇ ಕಣೋ ಅದು. ನಿನ್ನೆ ಮಿಸ್ ಮಾಡಿದೋರಿಗೆ ಇವತ್ತು. ಬೆಡ್‌ಶೀಟಿಗೆ ಎರಡು ತೂತು ಮಾಡು, ದೆವ್ವ ರೆಡಿ."

ವೇದಾ ಸೀರೆ ಉಟ್ಟು, "ಇಲ್ಲಿಯವರಿಗೆ ಇದೇ ವೇಷ," ಎಂದಳು.

ಚರ್ಚಿನ ಹಾಲಿನೊಳಗೆ ಕಾಲಿಟ್ಟರೆ ಎಲ್ಲೆಲ್ಲೂ ಸಂತರು. ಮಕ್ಕಳ ತಲೆಯ ಹಿಂದೆ ಥಳಥಳಿಸುವ ರಟ್ಟಿನ ಪ್ರಭಾವಳಿ. ನಡುವೆ ಬೆಡ್‌ಶೀಟ್ ಹೊದ್ದ ತ್ಯಾಗರಾಜ, ಮದುವೆಮನೆಗೆ ನುಗ್ಗಿದ ಎಮ್ಮೆಯಂತೆ. ಮೂರು ವರ್ಷದ ಸಂತನೊಬ್ಬ ಚಿಟ್ಟನೆ ಚೀರಿದ.

ಫಾದರ್ ನಗುತ್ತಾ ಬಂದರು. "ಹ್ಯಾಲೋ ಅಂದರೆ ಸಂತ. ಇವತ್ತು ಸಂತರೆಲ್ಲರ ಹಬ್ಬ, ಹ್ಯಾಲೋವೀನ್ ಅದರ ಹಿಂದಿನ ಸಂಜೆ. ಸುಗ್ಗಿ ಮುಗಿದ ಆ ಹೊತ್ತಿಗೆ ಸತ್ತವರು ಮನೆಗೆ ಬರುತ್ತಾರೆ ಅಂತ ಐರ್ಲೆಂಡಿನ ಹಳಬರು ನಂಬಿದ್ದರಂತೆ. ನಾಳೆ ಅಗಲಿದವರ ದಿನ. ಹೇಗೆ ನೋಡಿದರೂ ನೀವು ಒಂದು ದಿನ ತಪ್ಪಿದ್ದೀರಿ."

"ನಮ್ಮಲ್ಲೂ ಪಿತೃಪಕ್ಷ ಇದೆ, ಫಾದರ್."

"ಹಾಗಾದರೆ ನಿಮ್ಮವರ ಹೆಸರನ್ನೂ ಈ ಪುಸ್ತಕದಲ್ಲಿ ಬರೆಯಿರಿ. ಎಲ್ಲರೂ ಪ್ರಾರ್ಥಿಸುತ್ತೇವೆ."

ತ್ಯಾಗರಾಜನ ಕಣ್ಣು ತುಂಬಿತು. ಅಮ್ಮ ಚನ್ನಮ್ಮ ತೀರಿಕೊಂಡಾಗ ವೀಸಾ ತೊಡಕಿನಿಂದ ಅವನಿಗೆ ಹೋಗಲಾಗಿರಲಿಲ್ಲ. ಒದ್ದೆಯಾದ ತೂತುಗಳಿಂದಲೇ ಇಣುಕಿ 'ಅಗಲಿದವರು', 'ಕೋರುವವರು' ಎಂಬ ಎರಡು ಕಾಲಂ ತುಂಬಿದ.

ಮೇಣದಬತ್ತಿ ಹಚ್ಚಿ ಫಾದರ್ ಓದಿದರು: "ನಮ್ಮನ್ನಗಲಿದ ತ್ಯಾಗರಾಜನಿಗಾಗಿ, ಚನ್ನಮ್ಮನವರ ಕೋರಿಕೆಯಂತೆ."

ನೂರು ತಲೆಗಳು ಬಾಗಿದವು. ಮುಸುಕಿನೊಳಗೆ ಬಾಯಿ ತೆರೆದ ತ್ಯಾಗರಾಜ ಹಾಗೆಯೇ ಮುಚ್ಚಿಕೊಂಡ. ತನಗಾಗಿ ಇಷ್ಟು ಜನ ಎಂದೂ ಪ್ರಾರ್ಥಿಸಿರಲಿಲ್ಲ. ಆಮೇಲೆ ಮೆಲ್ಲನೆ ಹೋಗಿ ತಪ್ಪೊಪ್ಪಿಕೊಂಡ. ಫಾದರ್ ಇನ್ನೊಂದು ಬತ್ತಿ ಹಚ್ಚಿ, ಅವನೊಬ್ಬನ ಪಕ್ಕ ನಿಂತು, ಚನ್ನಮ್ಮನ ಹೆಸರನ್ನು ಮೂರು ಸಲ ಕೇಳಿ ಕಲಿತು ಹೇಳಿದರು. ಅವನ ಎದೆ ಹಗುರಾಯಿತು.

ಹೊರಗೆ ಕಾರಿನ ಬಳಿ ವೇದಾಳ ಎರಡೂ ಕೈಯಲ್ಲಿ ಊಟದ ಟ್ರೇಗಳಿದ್ದವು.

"ತ್ಯಾಗರಾಜ ಯಾರು ಅಂತ ಅಜ್ಜಿಯರು ಕೇಳಿದ್ರು. ನನ್ನ ಗಂಡ ಅಂದೆ, ಅಷ್ಟೇ ರೀ. ತಬ್ಬಿಕೊಂಡು ಅತ್ರು, ವಾರಕ್ಕಾಗೋಷ್ಟು ಊಟ ಕೊಟ್ರು."

"ಬದುಕಿದಾರೆ ಅನ್ನಬಾರದಿತ್ತಾ?"

"ಬಾಯಿ ಬಿಡೋಕೆ ಬಿಟ್ರೆ ತಾನೆ. ಒಬ್ಬರಂತೂ ಅವರ ಅಕ್ಕನ ಮಗ ಡೆಂಟಿಸ್ಟು, ಇನ್ನೂ ಮದುವೆಯಾಗಿಲ್ಲ ಅಂತ ಫೋನ್ ನಂಬರೂ ಕೊಟ್ರು."

"ನೀನೇನಂದೆ?"

"ಥ್ಯಾಂಕ್ಸ್ ಅಂದೆ."